ಹಾಳೆಯೊಳಗಿನ ರೋಗಿಗೆ ಊಟದ ಡಬ್ಬಿ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನಗೆ ಹುಟ್ಟಿನಿಂದಲೇ ಇದೆ ಎಂದು ಎರಡನೇ ವರ್ಷದ ಎಂಬಿಬಿಎಸ್ ಓದುವಾಗ ನಾನು ನಂಬಿದ್ದೆ. ಕ್ಯಾನ್ಸರ್ ಬಗ್ಗೆ ನನಗೆ ಬೇಕಾದಷ್ಟು ಗೊತ್ತು ಎಂದೂ ನಂಬಿದ್ದೆ. ಈ ಎರಡೂ ನಂಬಿಕೆಗಳು ನೆಲಕಚ್ಚಲು ನಾಲ್ಕು ಮಂಗಳವಾರ ಸಾಕಾದವು.

ಮೊದಲು ಮಂಗಳವಾರದ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನಲ್ಲಿ ಗಡ್ಡೆ ಮತ್ತು ಕ್ಯಾನ್ಸರ್ ಪಾಠವನ್ನು ಪಿಬಿಎಲ್ ಎಂಬ ಪದ್ಧತಿಯಲ್ಲಿ ನಡೆಸುತ್ತಿದ್ದರು. ಅಂದರೆ ಒಂದು ಸಮಸ್ಯೆಯನ್ನು ಮುಂದಿಟ್ಟುಕೊಂಡು, ಅದನ್ನು ಬಿಡಿಸುತ್ತಾ ಕಲಿಯುವುದು. ಎಂಟು ಜನ ವಿದ್ಯಾರ್ಥಿಗಳು ಮೇಜಿನ ಸುತ್ತ ಕೂರಬೇಕು. ನಡುವೆ ಒಂದು ಹಾಳೆ. ಹಾಳೆಯಲ್ಲಿ ಒಬ್ಬ ರೋಗಿ. ಅವನು ಜೀವಂತ ಮನುಷ್ಯನಲ್ಲ, ಪಾಠಕ್ಕೆಂದು ಬರೆದವನು. ಅವನೂ ಇಡಿಯಾಗಿ ಸಿಗುವುದಿಲ್ಲ, ವಾರಕ್ಕೊಂದು ಪುಟದಂತೆ ಕಂತಿನಲ್ಲಿ ಬರುತ್ತಾನೆ. ಮುಂದಿನ ಪುಟದಲ್ಲಿ ಅವನಿಗೆ ಏನಾಗುತ್ತದೆ ಎಂದು ನಮಗೂ ಗೊತ್ತಿರುವುದಿಲ್ಲ. ಏನಾಗಿರಬಹುದು ಎಂದು ನಾವೇ ಊಹಿಸಬೇಕು, ಗೊತ್ತಿಲ್ಲದ್ದನ್ನು ಪಟ್ಟಿ ಮಾಡಬೇಕು, ಓದಿಕೊಂಡು ಬಂದು ಜಗಳಾಡಬೇಕು. ಟ್ಯೂಟರ್ ಮೇಡಂ ಪಕ್ಕದಲ್ಲೇ ಇರುತ್ತಾರೆ, ಆದರೆ ಕಲಿಸುವುದಿಲ್ಲ. ಕಲಿಸದೇ ಇರುವುದೇ ಅವರ ಕೆಲಸ! ನಾವು ಏನು ಕೇಳಿದರೂ "ನಿಮಗೆ ಏನನ್ನಿಸುತ್ತದೆ?" ಎಂದು ತಿರುಗಿ ಕೇಳಿ, ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಮೊದಲ ಪುಟದಲ್ಲಿ ಹೀಗಿತ್ತು: ವಯಸ್ಸು ಐವತ್ತೆರಡು, ಗಂಡಸು, ಮೈಮುರಿದು ದುಡಿಯುವವನು. ಎರಡು ತಿಂಗಳಿಂದ ಬಾಯಲ್ಲಿ ಹುಣ್ಣು. ತಂಬಾಕಿನ ಚಟ. ಉಷ್ಣದಿಂದ ಆಗಿದೆ ಎಂದು ತಿಳಿದು ಯಾರಿಗೂ ತೋರಿಸಿಲ್ಲ. ಹೆಸರಿಲ್ಲ, ಊರಿಲ್ಲ.

ಆ ಪುಟವನ್ನು ನಾನು ಎರಡು ಸಲ ಓದಿದೆ. ಏಕೆಂದರೆ ಅಂಥದ್ದೇ ಒಬ್ಬ ಮನುಷ್ಯ ನಮ್ಮ ಮನೆಯಲ್ಲಿದ್ದ. ನನ್ನ ಅಪ್ಪ!

ಅಪ್ಪ ಹುಸೇನಸಾಬ ಟ್ರಕ್ ಓಡಿಸುತ್ತಾನೆ. ಗೋವೆಯ ಬಂದರಿನಿಂದ ಮಾಲು ಹೇರಿಕೊಂಡು ಫೋಂಡಾ, ಮೊಲೆಂ ದಾಟಿ ಗಡಿಯಾಚೆಗೆ ಹೋಗಿಬರುವುದು ಅವನ ಕೆಲಸ. ನಾವು ವಿಜಯಪುರ ಕಡೆಯ ನದಾಫ ಮುಸಲ್ಮಾನರು, ಮನೆಯೊಳಗೂ ಕನ್ನಡವೇ ಆಡುವವರು. ಬಂದರಿನ ಪಕ್ಕದ ಸಡಾ ಗುಡ್ಡದ ಮೇಲೆ ನಮ್ಮದೊಂದು ಎರಡು ಕೋಣೆಯ ಮನೆ. ಒಂದೂವರೆ ತಿಂಗಳಿಂದ ಅಪ್ಪ ರೊಟ್ಟಿ ಬಿಟ್ಟು, ಗೋವೆಯ ಪಾವನ್ನು ಚಹಾದಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದ. ಖಾರ ಕಂಡರೆ ಮುಖ ತಿರುಗಿಸುತ್ತಿದ್ದ. ಕೇಳಿದರೆ ಒಂದೇ ಉತ್ತರ, "ಉಷ್ಣ ಆಗೇತಿ." ಪಟಿಕ ಹಚ್ಚಿದ್ದಾಯಿತು, ಜೇನುತುಪ್ಪ ಸವರಿದ್ದಾಯಿತು, ತುಪ್ಪ ಮುಕ್ಕಳಿಸಿದ್ದಾಯಿತು. ದವಾಖಾನೆಯ ಹೆಸರೆತ್ತಿದರೆ ಮಾತ್ರ ಟ್ರಕ್ಕಿನ ಟೈರು ನೋಡಬೇಕೆಂದು ಎದ್ದು ಹೋಗುತ್ತಿದ್ದ. ಮಗಳು ಡಾಕ್ಟರಿಕೆ ಓದುತ್ತಾಳೆಂದು ಓಣಿಗೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ, ಆ ಮಗಳ ಎದುರು ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಒಮ್ಮೆ ಅವನು ಆಕಳಿಸಿದಾಗ ನಾನು ಹಾರಿ ಇಣುಕಿದೆ. ನಾಲಿಗೆಯ ಎಡ ಅಂಚಿನಲ್ಲಿ ಒಂದು ಬಿಳಿಚಿದ ಹುಣ್ಣು ಕಂಡಿತು. ಮೂರು ವಾರ ದಾಟಿದ ಬಾಯಿಹುಣ್ಣನ್ನು ತೋರಿಸಲೇಬೇಕು ಎಂದು ಅದೇ ವಾರ ಓದಿದ್ದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು.

ಆದ್ದರಿಂದ ನಾನೊಂದು ಉಪಾಯ ಹೂಡಿದೆ. ಹಾಳೆಯ ರೋಗಿಯ ಕಥೆ ಹೇಳಿ ಅಪ್ಪನನ್ನು ಹೆದರಿಸುವುದು, ಹೆದರಿದ ಅಪ್ಪನನ್ನು ದವಾಖಾನೆಗೆ ಎಳೆದೊಯ್ಯುವುದು. ಎಷ್ಟು ಸುಲಭ!

ಅಂದು ಸಂಜೆ ಅಪ್ಪ ಪಾವ್ ಅದ್ದುತ್ತಾ ಕುಳಿತಾಗ ಶುರುಮಾಡಿದೆ.

"ಇವತ್ತ ನಮ್ಮ ಕ್ಲಾಸಿನ್ಯಾಗ ಒಬ್ಬ ಪೇಶೆಂಟ್ ಬಂದಿದ್ದ." ಇದು ಸುಳ್ಳಲ್ಲ. ಬಂದಿದ್ದ, ಹಾಳೆಯ ಮೇಲೆ. "ಬಾಯಾಗ ಹುಣ್ಣಂತ. ಎರಡ ತಿಂಗಳಾತಂತ. ಉಷ್ಣ ಉಷ್ಣ ಅನಕೋತ ಕುಂತಿದ್ನಂತ."

ಅಪ್ಪನ ಕೈ ಚಹಾದ ಮೇಲೆ ನಿಂತಿತು. ನಾಟಿತು ಎಂದುಕೊಂಡೆ. ಇನ್ನು ಅಪಾಯವೇನು ಎಂದು ಕೇಳುತ್ತಾನೆ, ನಾನು ಗಂಭೀರವಾಗಿ ವಿವರಿಸುತ್ತೇನೆ.

"ಯಾವೂರಾಂವ?" ಎಂದು ಕೇಳಿದ ಅಪ್ಪ.

ಗೋವೆಗೆ ಬಂದು ಎಷ್ಟೇ ವರ್ಷವಾಗಲಿ, ನಮ್ಮ ಕಡೆಯವರಿಗೆ ಮನುಷ್ಯನ ಕಾಯಿಲೆಗಿಂತ ಮೊದಲು ಅವನ ಊರು ಬೇಕು. ಇದು ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ. "ನಮ್ಮ ಕಡೀಯಾವನಪಾ, ಇಂಡಿ ತಾಲೂಕು," ಎಂದುಬಿಟ್ಟೆ.

"ಹೆಸರೇನು?"

"ಯಮನಪ್ಪ." ಎಲ್ಲಿಂದ ಬಂತೋ ಆ ಹೆಸರು, ದೇವರಿಗೇ ಗೊತ್ತು!

"ಯಾರ ಪೈಕಿ? ಅವರ ಅಣ್ತಮ್ಮರು ಇಲ್ಲೆ ಬೈನಾದಾಗ ಅದಾರೇನು?"

ಈ ವಿಚಾರಣೆ ಮುಂದುವರಿದರೆ ಅಪ್ಪ ಊರಿಗೆ ಫೋನು ಹಚ್ಚುವುದು ಖಚಿತವಿತ್ತು. ಆಗ ನಾನು ಈ ಇಡೀ ಪ್ರಕರಣದ ಮಹಾಪ್ರಮಾದವನ್ನು ಎಸಗಿದೆ. "ಯಾರೂ ಇಲ್ಲಪಾ ಅವಗ. ಹೆಣ್ತಿ ತೀರಿಕೊಂಡಾಳ, ಮಕ್ಕಳಿಲ್ಲ. ಬಂದರಿನ್ಯಾಗ ಚೀಲಾ ಹೊರ್ತಿದ್ದ. ಈಗ ವಾರ್ಡಿನ್ಯಾಗ ಒಬ್ಬನ ಮಲಕೊಂಡಾನ."

ಎರಡೇ ನಿಮಿಷದಲ್ಲಿ ಒಬ್ಬ ಗಂಡಸನ್ನು ಹುಟ್ಟಿಸಿ, ಮದುವೆ ಮಾಡಿಸಿ, ಹೆಂಡತಿಯನ್ನು ಸಾಯಿಸಿ, ಆಸ್ಪತ್ರೆಗೆ ಸೇರಿಸಿಬಿಟ್ಟಿದ್ದೆ!

ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿದಳು. "ಒಬ್ಬನ? ಮತ್ತ ಊಟಾ ಯಾರು ಒಯ್ದು ಕೊಡ್ತಾರ?"

"ದವಾಖಾನ್ಯಾಗ ಕೊಡ್ತಾರವ್ವಾ."

"ದವಾಖಾನಿ ಊಟಾನೂ ಒಂದು ಊಟೇನ? ನಮ್ಮ ಕಡೀ ಮನಶ್ಯಾ, ನಾವು ಇಷ್ಟ ಮಂದಿ ಇಲ್ಲಿರೂತನಕಾ ಅಂವ ಒಣಾ ಅನ್ನಾ ತಿನ್ನಬೇಕ?"

ಮರುದಿನ ಬೆಳಿಗ್ಗೆ ನನ್ನ ಚೀಲದ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ ಕುಳಿತಿತ್ತು. ಒಳಗೆ ಮೆತ್ತನೆಯ ಅನ್ನ, ಬೇಳೆ, ಒಂದು ಪುಟ್ಟ ಬಟ್ಟಲಲ್ಲಿ ಹಾಲು ಹಾಕಿದ ಗೋಧಿ ಸಜ್ಜಕ.

ಅನ್ನ ಚೆಲ್ಲುವುದು ಪಾಪ. ವಾಪಸ್ಸು ತರುವುದು ಅದಕ್ಕಿಂತ ಅಪಾಯ. ಮಧ್ಯಾಹ್ನ ಕಾಲೇಜಿನಲ್ಲಿ ಡಬ್ಬಿ ಇಟ್ಟುಕೊಂಡು ಯೋಚಿಸುತ್ತಿದ್ದಾಗ ಲವೀನಾ ಬಂದಳು. ಅವಳು ಮಡಗಾಂವ್ ಕಡೆಯ ಹುಡುಗಿ, ನನ್ನ ಪಿಬಿಎಲ್ ಗುಂಪಿನವಳು. ನಾವಿಬ್ಬರೂ ಹಿಂದಿಗೆ ಕೊಂಕಣಿ ಬೆರೆಸಿ ಮಾತಾಡುತ್ತಿದ್ದೆವು.

"ಯಾರ ಊಟ ಇದು?" ಎಂದಳು.

"ನಮ್ಮ ರೋಗಿಯದು."

"ಯಾವ ರೋಗಿ?"

ನಡೆದದ್ದನ್ನೆಲ್ಲ ಹೇಳಿದೆ. ಲವೀನಾ ಮೂರು ಸೆಕೆಂಡು ಗಾಢವಾಗಿ ಚಿಂತಿಸಿ, ಮುಚ್ಚಳ ತೆಗೆದು, ಸಜ್ಜಕದ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ಪಾಪ, ಅವನಿಗೆ ತಿನ್ನಲು ಆಗುವುದಿಲ್ಲವಲ್ಲ," ಎಂದಳು.

ಈ ಸುದ್ದಿ ನಮ್ಮ ಮನೆಯೊಳಗೆ ಉಳಿದಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಪಕ್ಕದ ಮನೆಯಲ್ಲಿ ಅಜ್ಜಿಯ ವಯಸ್ಸಿನ ಗಂಗವ್ವ ಆಯಿ ಇದ್ದಳು. ಕೂಲಿಗೆ ಬಂದ ಒಂಟಿ ಗಂಡಸರಿಗೆಲ್ಲ ರೊಟ್ಟಿ ಬಡಿದು ಮಾರುವ ಆಯಿಗೆ ಓಣಿಯ ಪ್ರತಿಯೊಬ್ಬನ ಹೊಟ್ಟೆಯ ಲೆಕ್ಕ ಗೊತ್ತು. ತನ್ನ ಲೆಕ್ಕದಿಂದ ಇಂಡಿ ತಾಲೂಕಿನ ಒಂದು ಹೊಟ್ಟೆ ತಪ್ಪಿಹೋಗಿದೆ ಎಂದು ಕೇಳಿ ಅವಳಿಗೆ ಅವಮಾನವಾಯಿತು. ಶುಕ್ರವಾರದ ಹೊತ್ತಿಗೆ ಡಬ್ಬಿಗಳು ನಾಲ್ಕಾದವು. ಸಡಾದಿಂದ ಹೊರಡುವ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡು, ಕ್ಯಾಂಟೀನು ಹಾಕಿದ್ದೀಯಾ ಎಂದು ಕೇಳಿದ.

ಎಂಟು ಜನರ ಗುಂಪಿಗೆ ನಾಲ್ಕು ಡಬ್ಬಿ ಹಿತವಾಗಿ ಸಾಕಾಗುತ್ತಿತ್ತು. ಕ್ಯಾನ್ಸರ್ ಪಾಠದ ಬಗ್ಗೆ ನಮ್ಮ ಗುಂಪಿಗೆ ಹುಟ್ಟಿದ ಆಸಕ್ತಿಯನ್ನು ಕಂಡು ಮೇಡಂ ಬೆರಗಾದರು. ಆದರೆ ಬಾಯಿಹುಣ್ಣಿನ ಮನುಷ್ಯನಿಗೆಂದು ಬರುವ ಊಟದಲ್ಲಿ ಉಪ್ಪು ಖಾರ ಎಲ್ಲಿ ಬರಬೇಕು? ನಾಲ್ಕು ದಿನ ಗಂಜಿ ಕುಡಿದ ಮೇಲೆ ಲವೀನಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಯಮನಪ್ಪನಿಗೆ ಸ್ವಲ್ಪ ಖಾರ ತಿನ್ನಲು ಡಾಕ್ಟರರು ಒಪ್ಪಿದ್ದಾರೆ ಎಂದು ಮನೆಯಲ್ಲಿ ಹೇಳಲಾಗದೇ?"

ನಾನು ಹೇಳಿದೆ! ಸೋಮವಾರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಗುಂಪು ಹಬ್ಬ ಮಾಡಿತು. ಆ ಸಂಜೆ ಖಾಲಿ ಡಬ್ಬಿ ಹಿಡಿದು ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ನಗುತ್ತಾ ನಿಂತಿದ್ದ.

"ಚಟ್ನಿ ತಿಂದ್ನೇನು?"

"ತಿಂದಪಾ."

"ನಾ ಹೇಳಿದ್ನಿಲ್ಲ? ಉಷ್ಣಾನ ಅದು! ಚಟ್ನಿ ತಿನ್ನಾಕತ್ತಾನಂದ್ರ ಹುಣ್ಣು ಮಾಯಾಕತ್ತೇತಿ. ನಂದೂ ತಾನ ಮಾಯ್ತೇತಿ ತಗೋ." ಅಷ್ಟು ಹೇಳಿ ಅಪ್ಪ ಅಂಗೈಯಲ್ಲಿ ತಂಬಾಕು ತಿಕ್ಕಿ ಬಲದವಡೆಗೆ ಇಟ್ಟುಕೊಂಡ.

ಅಪ್ಪನನ್ನು ಹೆದರಿಸಲು ಹುಟ್ಟಿಸಿದ ರೋಗಿ ಅಪ್ಪನಿಗೇ ಧೈರ್ಯ ಹೇಳಿ ಬಂದಿದ್ದ. ಅದೂ ನನ್ನ ನಾಲಿಗೆಯ ಚಪಲದಿಂದ! ನನ್ನ ಮೇಲೆ ನನಗೇ ಸಿಟ್ಟು ಬಂತು.

ಎರಡನೇ ಮಂಗಳವಾರದ ಪುಟ ನನ್ನ ನೆರವಿಗೆ ಬಂತು. ಹುಣ್ಣಿನ ಅಂಚು ಗಟ್ಟಿಯಾಗಿದೆ, ದವಡೆಯ ಕೆಳಗೆ ಗಂಟು ಸಿಕ್ಕಿದೆ ಎಂದು ಅದರಲ್ಲಿತ್ತು. ಸಂಜೆ ನಮ್ಮ ಕಟ್ಟೆಯ ಮೇಲೆ ಓಣಿ ಸೇರಿತ್ತು. ಈಗ ಅದೂ ಒಂದು ಪಿಬಿಎಲ್ ಸಭೆಯೇ ಆಗಿತ್ತು, ಗಂಗವ್ವ ಆಯಿ ಅಧ್ಯಕ್ಷಿಣಿ. ನಾನು ಪುಟವನ್ನು ವರದಿ ಮಾಡಿದೆ.

"ಗಂಟು ಒತ್ತಿದ್ರ ನೋವಕ್ಕೇತೇನು?" ಎಂದು ಆಯಿ ಕೇಳಿದಳು.

"ಇಲ್ಲಾಯಿ."

"ನೋವಿಲ್ಲದ್ದು ಚಲೋದಲ್ಲ ಹಂಗಾರ," ಎಂದಳು ಆಯಿ. ಇದೇ ತೀರ್ಮಾನಕ್ಕೆ ಬರಲು ನಾವು ಎಂಟು ಜನ ಮೂರು ಪುಸ್ತಕ ತಿರುವಿ ಒಂದೂವರೆ ತಾಸು ಜಗಳಾಡಿದ್ದೆವು!

ಮೂರನೇ ಮಂಗಳವಾರ ಬಯಾಪ್ಸಿಯ ವರದಿ ಬಂತು. ಕ್ಯಾನ್ಸರ್. ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಅಂದು ಮೇಜಿನ ಸುತ್ತ ಯಾರೂ ಡಬ್ಬಿ ಬಿಚ್ಚಲಿಲ್ಲ. ಇಷ್ಟು ದಿನ ಅವನ ಅನ್ನ ಉಂಡಿದ್ದೆವಲ್ಲ. ಲವೀನಾ ಮೂಗು ಒರೆಸಿಕೊಂಡು, "ಇನ್ನೂ ಎರಡು ತಿಂಗಳು ಮೊದಲೇ ಬರಬಾರದಿತ್ತೇ ಇವನು?" ಎಂದು ಹಾಳೆಯನ್ನು ಬೈದಳು.

ಮನೆಯಲ್ಲಿ ಹೇಳಿದಾಗ ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ಗಂಗವ್ವ ಆಯಿ ಊರ ದೇವರಿಗೆ ಕಾಯಿ ಹರಕೆ ಹೊತ್ತಳು. ಅಪ್ಪ ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚುತ್ತೇನೆಂದು ಹೇಳಿಕೊಂಡ. ಇಲ್ಲದ ಒಬ್ಬನಿಗಾಗಿ ಎರಡು ಧರ್ಮದ ದೇವರುಗಳನ್ನು ಕೆಲಸಕ್ಕೆ ಹಚ್ಚಿದ ಪಾಪ ನನ್ನ ತಲೆಯ ಮೇಲೆ ಬಂತು. ಆದರೂ ಇದೇ ಹೊತ್ತು ಎಂದು ಕೇಳಿದೆ.

"ಅಪ್ಪಾ, ನಿನ್ನ ಹುಣ್ಣಿಗೆ ಎಷ್ಟ ದಿನಾ ಆತು?"

"ನಂದು ಬ್ಯಾರೆ."

"ಹೆಂಗ ಬ್ಯಾರೆ?"

"ಅವಗ ಹಿಂದ ಮುಂದ ಯಾರೂ ಇಲ್ಲ. ನನಗ ನೀವು ಅದೀರಿ. ನನಗೇನರ ಆದ್ರ ನಿನ್ನ ಓದು, ನಿಮ್ಮವ್ವನ ಗತಿ ಏನು? ಅದಕ್ಕ ನನಗ ಏನೂ ಆಗಿಲ್ಲ."

ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ.

ಅಷ್ಟರಲ್ಲಿ ಓಣಿಯವರು ಯಮನಪ್ಪನನ್ನು ನೋಡಲು ಹೊರಡುವ ಏರ್ಪಾಡು ನಡೆಸಿದ್ದರು. ಇವತ್ತು ಒಳಗೆ ಬಿಡುವುದಿಲ್ಲ, ನಾಳೆ ಪರೀಕ್ಷೆಗೆ ಒಯ್ಯುತ್ತಾರೆ, ಅವನಿಗೆ ಜನ ಕಂಡರೆ ಆಗದು ಎಂದು ದಿನಕ್ಕೊಂದು ನೆಪ ಹೇಳಿ ಒಂದು ವಾರ ತಳ್ಳಿದೆ. ನೆಪಗಳು ಮುಗಿದವು. ನಾಲ್ಕನೇ ಮಂಗಳವಾರದ ಹಿಂದಿನ ದಿನ, ಯಮನಪ್ಪನನ್ನು ಗೌರವದಿಂದ ಕಳಿಸಿಕೊಡಲು ತೀರ್ಮಾನಿಸಿದೆ.

"ಆಪರೇಶನ್ ಒಲ್ಲೆ ಅನ್ನಾಕತ್ತಾನ," ಎಂದೆ ಮುಖ ಸಣ್ಣದು ಮಾಡಿ. "ಊರಿಗೆ ಹೊಕ್ಕೀನಿ ಅಂತ ಹಟಾ ಹಿಡದಾನ. ನಾಳೆ ಬಿಡ್ತಾರ."

ಎಂಥ ಜಾಣ್ಮೆ! ಯಮನಪ್ಪ ಗೋವೆ ಬಿಡುತ್ತಾನೆ, ಡಬ್ಬಿಗಳು ನಿಲ್ಲುತ್ತವೆ, ಚಿಕಿತ್ಸೆ ಬೇಡವೆಂದವನ ಗತಿ ನೆನೆದು ಅಪ್ಪನೂ ಅಳುಕುತ್ತಾನೆ. ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಖಾಕಿ ಅಂಗಿ ಹಾಕಿಕೊಂಡು ಹೊರಟ. ಟ್ರಕ್ಕಿಗೆ ಹೋದ ಎಂದುಕೊಂಡೆ.

ಹನ್ನೊಂದೂವರೆಗೆ ಪಿಬಿಎಲ್ ನಡೆದಿತ್ತು. ಬೋರ್ಡಿನ ಮೇಲೆ ನಾನೇ ದೊಡ್ಡದಾಗಿ ಯಮನಪ್ಪನ ಬಾಯಿ ಬಿಡಿಸಿದ್ದೆ. ಅವನಿಗೆ ಕೊನೆಯದಾಗಿ ಬಂದ ಡಬ್ಬಿಯನ್ನು ಬಿಚ್ಚಿ ಮೇಜಿನ ನಡುವೆ ಇಟ್ಟಿದ್ದೆವು. ಲವೀನಾ ರೊಟ್ಟಿಯ ತುತ್ತು ಬಾಯಿಗಿಟ್ಟಳು. ಬಾಗಿಲು ತೆರೆಯಿತು.

ಅಪ್ಪ! ಹಿಂದೆ ಅವ್ವ. ಅವಳ ಹಿಂದೆ ಗಂಗವ್ವ ಆಯಿ, ಕೈಯಲ್ಲಿ ಗಂಟು ಕಟ್ಟಿದ ಹೊಸ ಪಂಚೆ, ಟವೆಲು. ಅವರ ಹಿಂದೆ ವಾಚ್‌ಮನ್, ಏದುಸಿರು ಬಿಡುತ್ತಾ.

ಅವರು ಗಂಡಸರ ವಾರ್ಡುಗಳನ್ನೆಲ್ಲ ಸುತ್ತಿ ಬಂದಿದ್ದರು. ಯಾವ ರಿಜಿಸ್ಟರಿನಲ್ಲೂ ಯಮನಪ್ಪನಿಲ್ಲ. ಆಗಲೇ ಓಡಿಹೋದನೇನೋ ಎಂದು ಗಾಬರಿಯಾಗಿ, ಬಿಳಿ ಕೋಟಿನವರನ್ನೆಲ್ಲ ನಿಲ್ಲಿಸಿ ಕೇಳಿದ್ದಾರೆ. ಡಬ್ಬಿಗಳ ಕಥೆ ಗೊತ್ತಿದ್ದ ನಮ್ಮ ತರಗತಿಯ ಪುಣ್ಯಾತ್ಮನೊಬ್ಬ, "ಯಮನಪ್ಪನೇ? ಮೊದಲ ಮಹಡಿ, ಪಿಬಿಎಲ್ ಕೋಣೆಯಲ್ಲಿದ್ದಾನೆ," ಎಂದು ಕೈ ತೋರಿಸಿದ್ದಾನೆ.

"ಎಲ್ಲದಾನ ಅಂವ?" ಎಂದ ಅಪ್ಪ. "ನಾ ಒಂದ ಮಾತ ಹೇಳಬೇಕಾಗೇತಿ. ಆಪರೇಶನ್ ಬಿಟ್ಟು ಹೆಂಗ ಹೊಕ್ಕಾನ ನೋಡ್ತೀನಿ."

ಮೇಡಂ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಬಾಯಿ ತುಂಬ ರೊಟ್ಟಿ ಇದ್ದ ಲವೀನಾ ಮಾತಾಡಲಾರದೆ ಮೇಜಿನ ಮೇಲಿದ್ದ ಹಾಳೆಯತ್ತ ಬೆರಳು ತೋರಿಸಿದಳು.

ಅವ್ವನ ಕಣ್ಣು ಹಾಳೆಯ ಪಕ್ಕಕ್ಕೆ ಹೋಯಿತು. "ಇದು ನನ್ನ ಡಬ್ಬಿ," ಎಂದಳು.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಎಂಟು ಜನರ ಎದುರು, ಮೇಡಂ ಎದುರು, ವಾಚ್‌ಮನ್ ಎದುರು. ಯಮನಪ್ಪ ಇಲ್ಲ. ಇಂಡಿಯಲ್ಲೂ ಇಲ್ಲ, ಗೋವೆಯಲ್ಲೂ ಇಲ್ಲ. ಅವನ ಗಂಜಿ ನಾವು ಕುಡಿದೆವು, ಅವನ ಚಟ್ನಿ ನಾವು ತಿಂದೆವು. ಅಪ್ಪನನ್ನು ಹೆದರಿಸಲು ಹೂಡಿದ ಆಟ ಇದು. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಎಷ್ಟು ಸಣ್ಣದಾಯಿತೆಂದರೆ ಕೊನೆಯ ಮಾತು ನನಗೇ ಕೇಳಿಸಲಿಲ್ಲ.

ಅಪ್ಪನ ಮುಖ ಕೆಂಪೇರಿತು. "ಅದರಾಗ ಏನ ಬರದೈತಿ ಓದು," ಎಂದ.

ಇಂಗ್ಲಿಷಿನ ಮೊದಲ ಪುಟವನ್ನು ಕನ್ನಡ ಮಾಡಿ ಓದಿದೆ. ಐವತ್ತೆರಡು ವರ್ಷ. ಮೈಮುರಿದು ದುಡಿಯುವವನು. ತಂಬಾಕು. ಬಾಯಲ್ಲಿ ಹುಣ್ಣು. ಉಷ್ಣವೆಂದು ತಿಳಿದು ಯಾರಿಗೂ ತೋರಿಸಿಲ್ಲ.

"ನನ್ನ ಸುದ್ದಿ ಬರದು ಮಂದಿಗೆ ಓದಾಕ ಕೊಟ್ಟೀಯಲ್ಲ!" ಎಂದು ಅಪ್ಪ ಗುಡುಗಿದ.

"ನಾ ಬರದಿಲ್ಲಪಾ. ಮೊದಲಿಂದನೂ ಇದ್ದದ್ದದು."

ಅಪ್ಪ ಮೇಡಂ ಕಡೆ ತಿರುಗಿ ತನ್ನ ಟ್ರಕ್ಕಿನ ಹಿಂದಿಯಲ್ಲಿ, ಇಂಥವರು ನಿಜವಾಗಿಯೂ ಇರುತ್ತಾರೆಯೇ ಎಂದು ಕೇಳಿದ. ನಾವೆಲ್ಲ ಮೇಡಂ ಅವರ ಹಳೆಯ ತಿರುಗುಪ್ರಶ್ನೆಗೆ ಕಾದೆವು. ಅವರು ಕನ್ನಡಕಕ್ಕೆ ಕೈ ಹಾಕಲಿಲ್ಲ. "ಈ ಹಾಳೆ ಬರೆದು ಎಷ್ಟೋ ವರ್ಷವಾಯಿತು," ಎಂದರು. "ಆಗ ವಾರ್ಡಿನಲ್ಲಿ ನೋಡಿದವರನ್ನೇ ನೋಡಿ ಬರೆದದ್ದು. ಅಂಥವರು ಈಗಲೂ ಬರುತ್ತಾರೆ, ಹೀಗೇ ತಡವಾಗಿ." ಮೇಡಂ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಅಪ್ಪ ಬಾಗಿಲ ಕಡೆಗೆ ಹೆಜ್ಜೆ ಹಾಕಿದ. ಗಂಗವ್ವ ಆಯಿ ಅಡ್ಡ ನಿಂತಳು.

"ಎಲ್ಲಿಗ್ಯೋ ಹುಸೇನಾ?"

"ಮನೀಗೆ."

"ಸಡಾದಿಂದ ಇಲ್ಲೀತನಕಾ ಗಾಡ್ಯಾಗ ನನ್ನ ಕಿವೀ ತಿಂದೀ. ಯಮನಪ್ಪಗ ಹಿಂಗಂತೀನಿ, ಯಮನಪ್ಪಗ ಹಂಗಂತೀನಿ ಅಂತ. ಏನಂದಿ? ತಮ್ಮಾ, ಗಂಡಸಾಗಿ ಚಾಕೂಗೆ ಹೆದರಬ್ಯಾಡ. ಇವತ್ತ ಹೆದರಿ ಓಡಿದ್ರ ನಾಳೆ ನಿನ್ನ ಹೊತ್ಕೊಂಡ ಬರಾಕ ನಾಕ ಮಂದಿ ಬೇಕಾಕ್ಕಾರ. ಬಾ, ನಿನ್ನ ಕೈ ನಾ ಹಿಡೀತೀನಿ. ಹಿಂಗ ಅಂದಿಲ್ಲಾ?"

"ಅಂದ್ನಿ. ಅವಗ ಅಂದ್ನಿ."

"ಅಂವ ಇಲ್ಲ. ನೀ ಅದೀ. ನಡಿ, ನಿನ್ನ ಕೈ ನಾ ಹಿಡೀತೀನಿ."

ಅವ್ವ ಅಪ್ಪನ ಇನ್ನೊಂದು ಕೈ ಹಿಡಿದಳು. ಘಾಟಿನ ತಿರುವುಗಳಲ್ಲಿ ಒಂದೇ ಕೈಯಿಂದ ಟ್ರಕ್ಕು ತಿರುಗಿಸುವ ಅಪ್ಪ, ಇಬ್ಬರು ಹೆಂಗಸರ ನಡುವೆ ಮೆಲ್ಲಗೆ ಮೆಟ್ಟಿಲಿಳಿದ.

ಬಾಯಿ ನೋಡುವ ವಿಭಾಗದಲ್ಲಿ ಒಬ್ಬ ಹಿರಿಯ ಡಾಕ್ಟರರಿದ್ದರು. ಕಳೆದುಕೊಂಡ ಮಾನವನ್ನು ಅಲ್ಲಿಯೇ ಗಳಿಸಿಬಿಡಬೇಕೆಂದು ನಾನು ಮುಂದೆ ನಿಂತು ಅಪ್ಪನನ್ನು ಶಾಸ್ತ್ರೋಕ್ತವಾಗಿ ಮಂಡಿಸಿದೆ. ವಯಸ್ಸು, ಉದ್ಯೋಗ, ಚಟ, ಹುಣ್ಣಿನ ಅವಧಿ, ಜಾಗ. ಮೂರು ವಾರ ಗಡ್ಡೆಗಳ ಮೇಲೆ ಓದಿದ್ದನ್ನೆಲ್ಲ ಸುರಿದೆ. ಕ್ಯಾನ್ಸರ್ ಯಾವ ಹಂತದಲ್ಲಿರಬಹುದು ಎಂಬ ನನ್ನ ಅಭಿಪ್ರಾಯವನ್ನೂ ಇಂಗ್ಲಿಷಿನಲ್ಲಿ, ಅಪ್ಪನಿಗೆ ಅರ್ಥವಾಗದಂತೆ, ಭಾರವಾದ ಧ್ವನಿಯಲ್ಲಿ ತಿಳಿಸಿದೆ. ಡಾಕ್ಟರರು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಕೈಗವಸು ಹಾಕಿ, ಅಪ್ಪನ ಬಾಯಿಗೆ ಬೆಳಕು ಬಿಟ್ಟರು. ನಾಲಿಗೆ ಎಳೆದು ನೋಡಿದರು. ದವಡೆಯ ಕೆಳಗೆ ಒತ್ತಿದರು.

"ಹಲ್ಲು ನೋಡಿದೆಯಾ?" ಎಂದು ನನ್ನನ್ನು ಕೇಳಿದರು.

"ಹಲ್ಲೇ, ಸರ್?"

ಎಡಗಡೆಯ ದವಡೆಹಲ್ಲೊಂದು ಮುರಿದು, ಅದರ ಚೂಪು ತುದಿ ನಾಲಿಗೆಯ ಅಂಚಿಗೆ ದಿನವಿಡೀ ಉಜ್ಜುತ್ತಿತ್ತು. ಆ ಹುಣ್ಣು ಅಲ್ಲಿಯೇ ಆಗಿತ್ತು. ನಾನು ಹುಣ್ಣನ್ನು ನೋಡಿದ್ದೆ, ಅದಕ್ಕೆ ಅಂಟಿಕೊಂಡಂತಿದ್ದ ಹಲ್ಲನ್ನು ನೋಡಿರಲಿಲ್ಲ!

"ಮೊದಲು ಈ ಹಲ್ಲು ತೆಗೆಸೋಣ," ಎಂದರು ಡಾಕ್ಟರರು. "ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಆದರೆ ನನಗೆ ಚಿಂತೆ ಇದರದ್ದು." ಬಲಗಡೆಯ ಕೆನ್ನೆಯನ್ನು ಎಳೆದು ತೋರಿಸಿದರು. ತಂಬಾಕು ಇಡುವ ಜಾಗದಲ್ಲಿ ಒಂದು ಬಿಳಿ ಕಲೆ. "ಇದನ್ನು ಎಷ್ಟು ದಿನದಿಂದ ಗಮನಿಸುತ್ತಿದ್ದೀಯ?"

ನಾನು ಬಲಗಡೆ ನೋಡಿಯೇ ಇರಲಿಲ್ಲ. ಅಪ್ಪ ಎಡಗಡೆಗೆ ಆಕಳಿಸಿದ್ದ.

ಕಲೆಯ ಚೂರನ್ನು ಅಂದೇ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಕಾದ ದಿನಗಳಲ್ಲಿ ನಾನು ತಮಾಷೆ ಮಾಡಲಿಲ್ಲ. ಪುಸ್ತಕ ಬಿಚ್ಚಿದರೆ ಪ್ರತಿ ಸಾಲಿನಲ್ಲೂ ಅಪ್ಪ ಕಾಣುತ್ತಿದ್ದ. ಮೂರು ವಾರ ಸಜ್ಜಕ ತಿಂದು ಕಳೆದೆನಲ್ಲ, ಮೊದಲ ದಿನವೇ ಅಪ್ಪನ ಕಾಲು ಹಿಡಿದುಕೊಂಡು "ನನಗೆ ಹೆದರಿಕೆ ಆಗುತ್ತಿದೆ" ಎಂದಿದ್ದರೆ ಆಗುತ್ತಿರಲಿಲ್ಲವೇ ಎಂದು ಒಳಗೇ ಬೇಯುತ್ತಿದ್ದೆ. ಅಪ್ಪನ ತಂಬಾಕಿನ ಡಬ್ಬಿಯನ್ನು ಗಂಗವ್ವ ಆಯಿ ಕಸಿದುಕೊಂಡು ಹೋಗಿದ್ದಳು. ಅವನು ಅಂಗೈ ಸುಮ್ಮನೆ ತಿಕ್ಕಿಕೊಳ್ಳುತ್ತಾ ಕಟ್ಟೆಯ ಮೇಲೆ ಕೂರುತ್ತಿದ್ದ.

ವರದಿ ಬಂತು. ಕ್ಯಾನ್ಸರ್ ಇಲ್ಲ. ತಂಬಾಕು ಹೀಗೇ ಮುಂದುವರಿದರೆ ಆ ಕಲೆ ಕ್ಯಾನ್ಸರಿಗೆ ತಿರುಗಬಹುದು, ಆದ್ದರಿಂದ ತಂಬಾಕು ಪೂರ್ತಿ ಬಂದ್, ಕರೆದಾಗಲೆಲ್ಲ ಬಂದು ತೋರಿಸಬೇಕು ಎಂದರು. ನಾಲಿಗೆಯ ಹುಣ್ಣು ಹಲ್ಲು ಹೋದ ಎರಡೇ ವಾರದಲ್ಲಿ ಮಾಯಿತು. ಅಂದು ಅಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಾಗ ನಾನೂ ಅವ್ವನೂ ಅವನನ್ನೇ ನೋಡುತ್ತಾ ಕುಳಿತೆವು. "ಏನ ನೋಡ್ತೀರಿ, ಮಂದಿ ಉಣ್ಣೂದ ಕಂಡಿಲ್ಲೇನು?" ಎಂದು ಬೈದ. ಅವನ ಕಣ್ಣಲ್ಲೂ ನೀರಿತ್ತು. ಅದು ಖಾರಕ್ಕೆ ಬಂದದ್ದೆಂದು ಅವನ ವಾದ.

ಮೊನ್ನೆ ಗಂಗವ್ವ ಆಯಿ ಕುಂಟುತ್ತಾ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ನಾನೀಗ ಕೊನೆಯ ವರ್ಷದಲ್ಲಿದ್ದೇನೆ, ಕೊರಳಲ್ಲಿ ಸ್ಟೆತಾಸ್ಕೋಪ್ ಇದೆ. ಉತ್ಸಾಹದಿಂದ ಅವಳ ಮೊಣಕಾಲಿನತ್ತ ಬಗ್ಗಿದೆ. ಆಯಿ ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡು ಅಪ್ಪನ ಮುಖ ನೋಡಿದಳು.

"ಈಕೀ ಕಡಿಂದ ನೋಡಿಸ್ಕೋಲೇನೋ ಹುಸೇನಾ?"

"ನಮ್ಮ ಹುಡುಗಿ ಭಾಳ ಶಾಣ್ಯಾಕಿ, ಆಯಿ," ಎಂದ ಅಪ್ಪ, ನಿಜವಾದ ಹೆಮ್ಮೆಯಿಂದ. "ಇಲ್ಲದ ಮನಶ್ಯಾನ ಬ್ಯಾನಿ ಪಕ್ಕಾ ಹಿಡೀತಾಳ. ಇದ್ದ ಮನಶ್ಯಾಂದು ಇನ್ನಾ ಸ್ವಲ್ಪ ಕಲೀಬೇಕು. ನಡಿ, ದವಾಖಾನಿಗೆ ಹೋಗೂಣು, ನಿನ್ನ ಕೈ ನಾ ಹಿಡೀತೀನಿ."

ಇಬ್ಬರೂ ನನ್ನನ್ನು ದಾಟಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು. ಹೋಗುವಾಗ ಆಯಿ ತನ್ನ ಚೀಲ ಹಿಡಿದುಕೊಂಡು ಬಾ ಎಂದು ನನಗೆ ಹೇಳಿದಳು. ನಾನು ಚೀಲ ಹಿಡಿದುಕೊಂಡು ಹಿಂದೆ ಹೋದೆ.